ಸುಲ್ತಾನನ ಯಾವ ಕಾಲಿಗೆ ಸೂಜಿ?

ಶಿಡ್ಲಘಟ್ಟದಲ್ಲಿದ್ದ ಒಬ್ಬ ಪಶುವೈದ್ಯರು ಎಮ್ಮೆಯಾಗಲಿ ಬೆಕ್ಕಾಗಲಿ, ಮುಟ್ಟುವ ಮೊದಲು "ಏನಪ್ಪಾ, ಚೆನ್ನಾಗಿದ್ದೀಯಾ?" ಎಂದು ವಿಚಾರಿಸಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾಯುತ್ತಿದ್ದರು. ಯಾರಾದರೂ ಅವಸರ ಮಾಡಿದರೆ ಕನ್ನಡಕವನ್ನು ಹಣೆಗೇರಿಸಿ, "ಮುಂದಿಂದೂ ಯೋಚ್ನೆ ಮಾಡ್ಬೇಕಲ್ಲಮ್ಮ" ಎನ್ನುತ್ತಿದ್ದರು.

ಒಮ್ಮೆ ಪಕ್ಕದ ಮನೆಯ ಖಾಲಾ ಜೊತೆ, ಅವರ ಬೆಕ್ಕು ಸುಲ್ತಾನನಿಗೆ ರೇಬಿಸ್ ಲಸಿಕೆ ಹಾಕಿಸಲು ಹೋಗಿದ್ದೆ. ಖಾಲಾ ಅದರ ಕತ್ತಿನ ಹಿಂದಿನ ಚರ್ಮವನ್ನು ಎತ್ತಿ ಹಿಡಿದರು. ಡಾಕ್ಟರು ತಲೆಯಾಡಿಸಿದರು.

"ಅಲ್ಲಿ ಬೇಡಮ್ಮ, ಹಿಂಗಾಲಿನ ಕೆಳಭಾಗಕ್ಕೆ ಹಾಕ್ತೀನಿ. ಎಲ್ಲೋ ಒಂದು ಬೆಕ್ಕಿಗೆ ಸೂಜಿ ಚುಚ್ಚಿದ ಕಡೆ ಕೆಟ್ಟ ಗಡ್ಡೆ ಬೆಳೆಯುತ್ತೆ. ಕಾಲಲ್ಲಾದ್ರೆ ಕಾಲು ತೆಗೆದು ಜೀವ ಉಳಿಸ್ಬಹುದು. ಹೆಗಲ ಮಧ್ಯೆ ಆದ್ರೆ ಏನು ತೆಗೆಯೋದು?"

ಖಾಲಾ ಬೆಕ್ಕನ್ನು ಬುರ್ಖಾದೊಳಗೆ ಸೇರಿಸಿಕೊಂಡರು. "ಯಾ ಅಲ್ಲಾ! ಕಾಲು ತೆಗೀತಾರಂತೆ!"

"ಹಾಗಾದ್ರೆ ಬಾಲಕ್ಕೆ ಹಾಕ್ಲಾ?"

"ಬಾಲ ಹೋದ್ರೆ ಸುಲ್ತಾನನ ಮರ್ಯಾದೆ ಏನಾಗ್ಬೇಕು ಡಾಕ್ಟ್ರೇ?"

ಡಾಕ್ಟರು ನಗಲಿಲ್ಲ. "ಗಡ್ಡೆ ಬರೋದು ಬಲು ಅಪರೂಪಮ್ಮ. ಬೀದಿ ನಾಯಿ ಕಚ್ಚೋದು ಅಪರೂಪ ಅಲ್ಲ" ಎಂದರು.

ಖಾಲಾ ಬಹಳ ಯೋಚಿಸಿ ಬೆಕ್ಕನ್ನು ಹೊರತೆಗೆದರು. ಡಾಕ್ಟರು ಅದರ ಬಲ ಹಿಂಗಾಲು ಹಿಡಿದೊಡನೆ ಖಾಲಾ ಮತ್ತೆ ತಡೆದರು. "ಆ ಕಾಲು ಬೇಡ. ಇವ್ನು ಮನೆಯೊಳಗೆ ಬಲಗಾಲಿಟ್ಟೇ ಬರೋದು."

ಮೊದಲು ಹೊಸ್ತಿಲು ದಾಟುವುದು ಮುಂಗಾಲೆಂದು ಡಾಕ್ಟರು ವಾದಿಸಬಹುದಿತ್ತು. ಆದರೆ "ಸರಿಯಮ್ಮ" ಎಂದು ಎಡ ಹಿಂಗಾಲಿಗೆ ಚುಚ್ಚಿದರು. ಸುಲ್ತಾನನಿಗೆ ಅದು ತಿಳಿಯಲೇ ಇಲ್ಲ.

ಖಾಲಾ ಆಟೋ ಹತ್ತಿದ ಮೇಲೆ ಡಾಕ್ಟರು ನನ್ನನ್ನು ಮೆಲ್ಲಗೆ ಕರೆದು ಕೇಳಿದರು: "ಅಲ್ಲಮ್ಮ, ಬೆಕ್ಕು ನಿಜವಾಗ್ಲೂ ಬಲಗಾಲೇ ಮೊದ್ಲು ಇಡುತ್ತಾ? ಇಷ್ಟು ವರ್ಷ ನಾನು ನೋಡೇ ಇಲ್ವಲ್ಲ!"