ತೊಟ್ಟಿಲಿಲ್ಲದ ಬಾಟಲಿ

ಬಾಣಂತಿ ಲೇಹ್ಯ ಪಾಕಕ್ಕೆ ಬರುವಾಗ ಮೊದಲು ಓಮದ ಘಾಟು ಏಳುತ್ತದೆ, ಆಮೇಲೆ ಬೆಲ್ಲ, ಕೊನೆಗೆ ತುಪ್ಪ. ನಾದಿನಿ ಇದನ್ನು ಸ್ಟಾರ್ಟಪ್ ಎಂದು ಕರೆಯತೊಡಗಿದ ಮೇಲೂ ನನ್ನ ಅಡುಗೆಮನೆಯಲ್ಲಿ ಆ ಕ್ರಮ ಬದಲಾಗಲಿಲ್ಲ. ಲೇಹ್ಯ ನಮ್ಮ ಅತ್ತೆಯದು. ತೀರಿಹೋಗುವ ಮೊದಲು ನನಗೆ ಕಲಿಸಿದ್ದು. ಕಾಯಿಸುವುದು ನಾನು, ಮಾರುವುದು ಅವರ ಮಗಳು.

ಪುತ್ತೂರಿನಲ್ಲಿ ಹೊಸ ಉದ್ದಿಮೆಯವರಿಗೆಂದು ನಡೆದ ತರಬೇತಿಗೆ ಹೋದವಳು ಒಂದು ಪ್ರಶ್ನೆ ತಂದಳು. ನೀವು ಮಾಡುವುದು ಯಾರಿಗಾಗಿ, ಏಕೆ? ಒಂದೇ ವಾಕ್ಯದಲ್ಲಿ ಹೇಳಬೇಕು. ಅದೇ ಕಂಪನಿಯ ಧ್ಯೇಯ. ಲೇಬಲ್, ಬಣ್ಣ ಎಲ್ಲ ಅದರಿಂದಲೇ ಹುಟ್ಟಬೇಕಂತೆ. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ದೊಡ್ಡ ಪಾಠವನ್ನು ನಾಲ್ಕು ಸಾಲಿಗೆ ಇಳಿಸುವುದನ್ನು ಕಾನ್ವೆಂಟ್ ಶಾಲೆಯ ಸಿಸ್ಟರ್‌ಗಳು ನಮಗೆ ಕಲಿಸಿದ್ದರಲ್ಲ. ವಾರ ಕಳೆದರೂ ನನ್ನ ಹಾಳೆ ಖಾಲಿ.

"ಕಾನ್ವೆಂಟಿನವರಿಗೆ ಒಂದು ಸಾಲಿಗೆ ಇಷ್ಟು ದಿನ ಬೇಕಾ ಅತ್ತಿಗೆ?" ಎಂದು ನಕ್ಕು ಅವಳೇ ಬರೆದಳು: ಅಮ್ಮ ಮತ್ತು ಕಂದನ ಮೊದಲ ನಗುವಿಗೆ. ಲೇಬಲ್ ಮೇಲೆ ತೊಟ್ಟಿಲು ಬಂತು. ಚಂದವಾಗಿತ್ತು. ತೊಟ್ಟಿಲ ಅಂಚಿನಿಂದ ಪುಟ್ಟ ಮುಷ್ಟಿಯೊಂದು ಹೊರಗೆ ಕಾಣುತ್ತಿತ್ತು. ನಾನು ಬಾಟಲಿಗಳನ್ನು ಕಪಾಟಿನಲ್ಲಿ ಗೋಡೆಯ ಕಡೆ ಮುಖ ಮಾಡಿ ಇಡುತ್ತಿದ್ದೆ.

ನಾದಿನಿ ಹಾಸ್ಟೆಲಿನಲ್ಲಿದ್ದ ವರ್ಷ ನನಗೆ ಮೊದಲ ಹೆರಿಗೆಯಾಗಿತ್ತು. ಮಗು ಅಳಲಿಲ್ಲ. ಬರಿಗೈಯಲ್ಲಿ ಮನೆಗೆ ಬಂದ ಮೇಲೆ ಎದೆಯಲ್ಲಿ ಹಾಲು ತುಂಬಿತು. ಅದು ಬತ್ತಲೆಂದು ಅತ್ತೆ ಪೇಟೆಯಿಂದ ಮಲ್ಲಿಗೆ ತರಿಸಿ ಎದೆಗೆ ಕಟ್ಟಿದರು. ಮುಡಿಯಲಿಕ್ಕಲ್ಲದೆ ಮಲ್ಲಿಗೆ ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ಆಮೇಲೆ ಅಡುಗೆಮನೆಯಿಂದ, ಕಂಚಿನ ಉರುಳಿಯಲ್ಲಿ ಸಟ್ಟುಗ ತಿರುಗುವ ಸದ್ದು ಕೇಳಿತು. ಮಗುವಿಲ್ಲದ ಮನೆಯಲ್ಲಿ ಈ ಲೇಹ್ಯ ಯಾರಿಗೆ ಎಂದುಕೊಂಡೆ. ಅತ್ತೆ ಕೋಣೆಯ ಬಾಗಿಲು ಮುಚ್ಚಿ, ಬೆರಳಿನಲ್ಲಿ ತೆಗೆದು ನನ್ನ ಬಾಯಿಗಿಟ್ಟು ಹೇಳಿದರು: "ತಿನ್ನು. ಹೆತ್ತದ್ದು ಹೌದಲ್ಲ ನೀನು."

ಆ ವಿಷಯವನ್ನು ಮತ್ತೆ ಯಾರೂ ಎತ್ತಲಿಲ್ಲ. ಲೇಹ್ಯ ಕಾಯಿಸುವಾಗ ಮಾತ್ರ, ಬೆನ್ನ ಹಿಂದೆ ಯಾರೋ ಅಳಲೆಂದು ಉಸಿರೆಳೆದುಕೊಂಡು ಅಲ್ಲಿಗೇ ನಿಲ್ಲಿಸಿದಂತೆ ಕೇಳುತ್ತದೆ. ತಿರುಗಿ ನೋಡುವುದಿಲ್ಲ, ಸಟ್ಟುಗ ಬಿಟ್ಟರೆ ತಳ ಹಿಡಿಯುತ್ತದೆ.

ಮಳೆಗಾಲಕ್ಕೆ ಮೊದಲು ಐವರ್ನಾಡಿನಿಂದ ಫೋನ್ ಬಂತು. ನಾದಿನಿ ಸ್ಪೀಕರಿಗೆ ಹಾಕಿದಳು. ವಯಸ್ಸಾದ ಹೆಂಗಸಿನ ದನಿ. "ಲೇಹ್ಯ ಬೇಕಿತ್ತು ಮಾರಾಯ್ರೆ. ಆ ತೊಟ್ಟಿಲಿನ ಚಿತ್ರ ಇಲ್ಲದ ಬಾಟ್ಲಿ ಉಂಟಾ?"

ಚಿತ್ರವಿಲ್ಲದಿದ್ದರೆ ನಮ್ಮದೆಂದು ಗುರುತು ಸಿಗುವುದು ಹೇಗೆ ಎಂದು ನಾದಿನಿ ನಗುತ್ತಲೇ ಕೇಳಿದಳು.

"ಗುರುತು ಬೇಡ. ಮಗಳು ಹೆತ್ತಿದ್ದಾಳೆ. ಅವಳಿಗೆ ತೊಟ್ಟಿಲು ಕಾಣುದು ಬೇಡ."

ನಾನು ಫೋನ್ ತೆಗೆದುಕೊಂಡು ವಿಳಾಸ ಮಾತ್ರ ಕೇಳಿದೆ.

ಬಾಟಲಿಯನ್ನು ಬಿಸಿನೀರಿನಲ್ಲಿಟ್ಟೆ. ಲೇಬಲ್ ಸುಲಭವಾಗಿ ಬಿಟ್ಟಿತು. ಮುಷ್ಟಿಯಿದ್ದ ಮೂಲೆ ಮಾತ್ರ ಅಂಟಿಕೊಂಡಿತ್ತು, ಉಗುರಿನಿಂದ ಕೆರೆಯಬೇಕಾಯಿತು. ನಾದಿನಿ ನೋಡುತ್ತಾ ನಿಂತಿದ್ದಳು. ಅವಳಿಗೆ ಎಲ್ಲ ಹೇಳಿದೆ, ಮಲ್ಲಿಗೆಯನ್ನೂ, ಅತ್ತೆಯ ಮಾತನ್ನೂ. ಅವಳು ಸಿಂಕಿನ ನಲ್ಲಿ ನಿಲ್ಲಿಸಿದಳು.

"ಅಮ್ಮ ಎಂತ ಹೇಳಿದ್ದು? ಇನ್ನೊಮ್ಮೆ ಹೇಳಿ ಅತ್ತಿಗೆ."

ಹೇಳಿದೆ.

ಹೊಸ ಲೇಬಲ್ಲಿನಲ್ಲಿ ಚಿತ್ರವಿಲ್ಲ. ಒಂದೇ ಪದ: ಹೆತ್ತವಳಿಗೆ. ಇದು ವಾಕ್ಯವಾಗಲಿಲ್ಲ ಎಂದರಂತೆ ತರಬೇತಿಯವರು. ನಾದಿನಿ ಬದಲಿಸಲು ಒಪ್ಪಲಿಲ್ಲ. ಬಾಟಲಿಗಳೀಗ ಕಪಾಟಿನಲ್ಲಿ ನಮ್ಮ ಕಡೆಗೇ ಮುಖ ಮಾಡಿ ನಿಂತಿವೆ. ಕಾಯಿಸುವ ದಿನ ಮೊದಲು ಓಮ, ಆಮೇಲೆ ಬೆಲ್ಲ. ತುಪ್ಪ ಹಾಕುವ ಹೊತ್ತಿಗೆ ಬೆನ್ನ ಹಿಂದೆ ಆ ಉಸಿರು ಕೇಳುತ್ತದೆ. ನಾನು ಸಟ್ಟುಗ ತಿರುಗಿಸುತ್ತಲೇ ಇರುತ್ತೇನೆ.