ತಂತಿ ಜಾಳಿಗೆಯ ಫಿಲ್ಟರ್ ಆರಿಸಿದವನು ನಾನೇ

ಎಂಬತ್ತರ ದಶಕದ ಕೊನೆಗೆ ಸಿಂಧನೂರಿನಲ್ಲಿ ನನ್ನದೊಂದು ಗ್ಯಾರೇಜು ಇತ್ತು. ಪೆಟ್ರೋಲ್ ಇಂಜಿನ್ನಿನ ವಿಷಯದಲ್ಲಿ ಇವನನ್ನು ಮೀರಿಸುವವರಿಲ್ಲ ಎಂದು ಮಂದಿ ಹೇಳುತ್ತಿದ್ದರು. ಮಂದಿಗಿಂತ ಮೊದಲು ನಾನೇ ಹೇಳಿಕೊಳ್ಳುತ್ತಿದ್ದೆ. ಮೂವತ್ತು ದಾಟಿರಲಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಯಾರಾದರೂ ಎದುರಾಡಿದರೆ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, ಹಾಗಾದರೆ ನೀವೇ ಮಾಡಿಕೊಳ್ಳಿ ಎಂದುಬಿಡುತ್ತಿದ್ದೆ.

ಜವಳಗೇರಾದ ಅಕ್ಕಿ ಗಿರಣಿಯ ಸಾಹುಕಾರರು ಒಂದು ಹಳೆಯ ವಿಲಾಯತಿ ಕಾರು ತಂದಿದ್ದರು. ಎರಡು ಕಾರ್ಬೊರೇಟರಿನ ಇಂಜಿನ್. ಅದು ಇನ್ನೂ ಜೋರಾಗಿ ಎಳೆಯಬೇಕೆಂಬುದು ಅವರ ಆಸೆ. ನಾನು ಹೆಡ್ ಬಿಚ್ಚಿ ತೆಳ್ಳಗೆ ಕೆತ್ತಿಸಿ ಕಂಪ್ರೆಷನ್ ಏರಿಸಿದೆ, ಕಾರ್ಬೊರೇಟರಿಗೆ ಪೆಟ್ರೋಲ್ ಬಿಡುವ ಜೆಟ್ಟುಗಳನ್ನು ಬದಲಾಯಿಸಿದೆ. ಅಲ್ಲಿಯವರೆಗೆ ನನ್ನ ಕೆಲಸದಲ್ಲಿ ತಪ್ಪಿರಲಿಲ್ಲ. ಉಳಿದದ್ದು ಏರ್ ಫಿಲ್ಟರ್ ಮಾತ್ರ.

ಮೇಜಿನ ಮೇಲೆ ಮೂರು ಇಟ್ಟುಕೊಂಡಿದ್ದೆ. ಒಂದು, ಗಾಡಿಯ ಜೊತೆ ಬಂದಿದ್ದ ಕರಿ ಡಬ್ಬಿ. ಅದರ ತಳದಲ್ಲಿ ಆಯಿಲ್ ಹಾಕಿಡಬೇಕು, ಗಾಳಿ ಅದರ ಮೇಲೆ ಹಾದು ಧೂಳನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಧೂಳು ನಿಲ್ಲುತ್ತದೆ, ಆದರೆ ಇಂಜಿನ್ನಿಗೆ ಉಸಿರು ಕಟ್ಟಿದಂತಾಗುತ್ತದೆ. ಎರಡನೆಯದು ಕಾಗದದ್ದು. ಒಳ್ಳೆಯದೇ, ಆದರೆ ನಮ್ಮ ಕಡೆ ಬೇಗ ಕಟ್ಟಿಕೊಂಡುಬಿಡುತ್ತದೆ, ಹೊಸದಕ್ಕೆ ಹೈದರಾಬಾದಿಗೆ ಹೇಳಿ ಕಳಿಸಬೇಕು. ಮೂರನೆಯದು ತಂತಿ ಜಾಳಿಗೆಯದು. ಕನ್ನಡಿಯಂತೆ ಹೊಳೆಯುತ್ತಿತ್ತು, ಗಾಳಿ ಸಲೀಸಾಗಿ ಹೋಗುತ್ತಿತ್ತು. ಗಾಳಿ ಹೋದಲ್ಲಿ ಮಣ್ಣೂ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಆ ಹೊಳಪಿಗೆ ಮರುಳಾದೆ.

ಸಾಹುಕಾರರ ಡ್ರೈವರ್ ಐವತ್ತು ದಾಟಿದವನು, ಮಸ್ಕಿಯವನು. ನಾನು ಕಾಕಾ ಎನ್ನುತ್ತಿದ್ದೆ. ಅವನು ಕರಿ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ:

"ತಮ್ಮಾ, ಇದನ್ನ ತಗೀಬ್ಯಾಡ. ವಾರಕ್ಕ ಎರಡು ಸಲ ಲಿಂಗಸುಗೂರಿಗೆ ಹೋಗಾಂವ ನಾನು. ರಾಶಿ ದಿನದಾಗ ಮಂದಿ ಸಜ್ಜಿ, ಹುರಳಿ ಎಲ್ಲಾ ರೋಡಿನ ಮ್ಯಾಲೆ ಹಾಸಿರ್ತಾರ. ಗಾಡಿ ಅದರ ಮ್ಯಾಲೇ ಹೋಗಬೇಕು. ಆ ಹೊಟ್ಟು, ಧೂಳು ಎಲ್ಲಾ ಒಳಗ ಎಳಕೋತದ."

ಗ್ಯಾರೇಜಿನಲ್ಲಿ ಆಗ ನಾಲ್ಕೈದು ಜನ ಇದ್ದರು. ಅವರ ಮುಂದೆ ಒಬ್ಬ ಡ್ರೈವರ್ ನನಗೆ ಬುದ್ಧಿ ಹೇಳುವುದೇ?

"ಕಾಕಾ, ನೀ ಸ್ಟೇರಿಂಗ್ ಹಿಡಿ. ಇಂಜಿನ್ ನನಗ ಬಿಡು," ಎಂದೆ. ಜನ ನಕ್ಕರು. ಅವನು ಡಬ್ಬಿಯನ್ನು ಮೇಜಿನ ಮೇಲಿಟ್ಟು ಕೈ ಒರೆಸಿಕೊಂಡ.

ಜಾಳಿಗೆ ಕೂಡಿಸಿ ಮಸ್ಕಿಯವರೆಗೆ ಓಡಿಸಿ ತೋರಿಸಿದೆ. ಆಕ್ಸಿಲರೇಟರ್ ತುಳಿದರೆ ಕಾರ್ಬೊರೇಟರುಗಳು ಗಾಳಿ ಎಳೆಯುವ ಸದ್ದು ಬಾನೆಟ್ಟಿನೊಳಗಿಂದ ಗುಡುಗಿದಂತೆ ಬರುತ್ತಿತ್ತು. ಸಾಹುಕಾರರು ಮಗುವಿನಂತೆ ಹಿಗ್ಗಿದರು. ನನಗೂ ಕೊಂಬು ಮೂಡಿದಂತಾಯಿತು.

ಒಂದು ಸುಗ್ಗಿ ಕಳೆಯುವಷ್ಟರಲ್ಲಿ ಗಾಡಿ ನೀಲಿ ಹೊಗೆ ಬಿಡುತ್ತ ವಾಪಸು ಬಂತು. ಎಳೆಯುವ ಶಕ್ತಿಯೇ ಉಳಿದಿರಲಿಲ್ಲ. ಜಾಳಿಗೆ ತೆಗೆದು ಕಾರ್ಬೊರೇಟರಿನ ಗಂಟಲೊಳಗೆ ಬೆರಳಾಡಿಸಿದೆ. ಬೆರಳಿಗೆ ಸಣ್ಣ ಎರೆಮಣ್ಣು ಹತ್ತಿತು. ಹೆಡ್ ಬಿಚ್ಚಿದರೆ ಸಿಲಿಂಡರಿನ ಗೋಡೆಗಳ ಮೇಲೆ ಉದ್ದುದ್ದ ಗೀರು, ಒಳಗೆ ರಿಂಗುಗಳು ಸವೆದಿರುವುದು ಬಿಚ್ಚಿ ನೋಡದೆಯೂ ತಿಳಿಯುತ್ತಿತ್ತು. ಕಾಕಾ ಹೇಳಿದ್ದು ಅಕ್ಷರಶಃ ನಡೆದಿತ್ತು. ನಾನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ.

ಸಾಹುಕಾರರು ಕಾಕಾನ ಜೊತೆ ಬಂದರು. "ಏನಾಗೈತಿ ಇದಕ್ಕ? ಯಾರದು ತಪ್ಪು?"

ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು ಎಳೆದು ಅವರ ಮುಂದೆ ಹಿಡಿದೆ. ತುದಿಗಷ್ಟೇ ಆಯಿಲ್ ಹತ್ತಿತ್ತು. "ಆಯಿಲ್ ಕಡಿಮಿ ಇದ್ದಾಗ ಓಡಸ್ಯಾರ ಅನಸ್ತದ್ರಿ," ಎಂದೆ, ಮೆಲ್ಲಗೆ.

ಆಯಿಲ್ ಕಡಿಮೆ ಇದ್ದದ್ದು ಸುಳ್ಳಲ್ಲ. ಮಣ್ಣು ತಿಂದು ರಿಂಗು ಸವೆದ ಮೇಲೆ ಇಂಜಿನ್ ತಾನೇ ಆಯಿಲನ್ನು ಸುಟ್ಟುಕೊಂಡಿತ್ತು. ಅಂದರೆ ಕೆಟ್ಟಿದ್ದರ ಫಲವನ್ನೇ ನಾನು ಕಾರಣವೆಂದು ತೋರಿಸಿದೆ. ಸುಳ್ಳು ಹೇಳುವುದಕ್ಕೂ ನನ್ನ ಕಸುಬಿನ ತಿಳಿವಳಿಕೆಯನ್ನೇ ಬಳಸಿದೆನಲ್ಲ, ಅದು ಇವತ್ತಿಗೂ ನನ್ನನ್ನು ತಿನ್ನುತ್ತದೆ.

"ದಿನಾ ನೋಡ್ತಿದ್ನಲ್ರಿ ಸಾವಕಾರ್ರ," ಎಂದ ಕಾಕಾ. ಆಮೇಲೆ ನನ್ನ ಮುಖ ನೋಡಿದ. ಜಾಳಿಗೆಯ ಮಾತು ಎತ್ತುತ್ತಾನೆ ಎಂದುಕೊಂಡೆ. ಎತ್ತಲಿಲ್ಲ. ಕಡ್ಡಿಯನ್ನೇ ನೋಡುತ್ತ, "ಒಂದೆರಡು ದಿನ ಮರ್ತಿರಬೇಕು," ಎಂದ.

ಸಾಹುಕಾರರು ಚಾವಿ ಇಸಿದುಕೊಂಡರು. ಕಾಕಾನ ಹದಿನಾಲ್ಕು ವರ್ಷದ ನೌಕರಿ ಅಲ್ಲಿಗೆ ಮುಗಿಯಿತು. ಮುಂದೆ ಇಂಜಿನ್ ಕಟ್ಟಿಕೊಡುವಾಗ ನಾನು ಯಾರಿಗೂ ಹೇಳದೆ ಕರಿ ಡಬ್ಬಿಯನ್ನೇ ಮತ್ತೆ ಕೂಡಿಸಿದೆ. ಯಾರೂ ಕೇಳಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ದಿನ ಲಿಂಗಸುಗೂರಿನಿಂದ ಬರುತ್ತ ಮಸ್ಕಿಯಲ್ಲಿ ಬಸ್ಸು ಬದಲಿಸಬೇಕಾಯಿತು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಯಾರೋ "ತಮ್ಮಾ" ಎಂದರು. ಕಾಕಾ. ತನ್ನ ಮನೆಯ ಕಟ್ಟೆಯ ಮೇಲೆ ಕೂತು ಮೇಕೆಗಳಿಗೆ ಹಗ್ಗ ಹೊಸೆಯುತ್ತಿದ್ದ. ಕೈಹಿಡಿದು ಕೂರಿಸಿಕೊಂಡ.

"ಗಾಡಿ ಯಾವುದು ಹೊಡ್ಯಾಕತ್ತಿ ಕಾಕಾ?" ಎಂದು ಕೇಳಿದೆ. ಬೇರೆ ಮಾತು ತೋಚಲಿಲ್ಲ.

"ಬಿಟ್ಟೆ. ಟ್ರ್ಯಾಕ್ಟರಿಗೆ ಕರದ್ರು, ಹೋಗ್ಲಿಲ್ಲ. ಆಯಿಲ್ ನೋಡೀನಿ ಅಂತ ನನಗ ಪಕ್ಕಾ ನೆನಪಿತ್ತು. ಆದ್ರ ನೀ ಕಡ್ಡಿ ತಗದು ತೋರಿಸ್ದಿ. ಕಣ್ಣಿಲೆ ಕಂಡದ್ದು ಹ್ಯಾಂಗ ಸುಳ್ಳಾಗ್ತದ? ನನ್ನ ನೆನಪಿನ ಮ್ಯಾಲೆ ನನಗ ನಂಬಿಕಿ ಹೋತು. ಇಂಥಾಂವ ಮಂದೀನ್ನ ಕುಂಡ್ರಿಸಿಕೊಂಡು ಗಾಡಿ ಹೊಡೀಬಾರ್ದು."

ಒಳಗಿನಿಂದ ಅವನ ಹೆಂಡತಿ ಮಜ್ಜಿಗೆ ತಂದಳು. ಕಾಕಾ ನನ್ನನ್ನು ಆಕೆಗೆ ತೋರಿಸಿ, "ಇಂವನ ನೋಡು ಆ ಮಿಸ್ತ್ರಿ. ಬೇರೆದಾಂವ ಆಗಿದ್ರ ನಾಕು ಮಂದಿ ಮುಂದ ನನ್ನ ಮಾನ ಕಳೀತಿದ್ದ. ಇಂವ ಸಣ್ಣ ದನಿಲೆ ಹೇಳಿದ," ಎಂದ. ಆಕೆ ನನಗೆ ಕೈ ಮುಗಿದಳು.

ಜಾಳಿಗೆಯ ನಿಜ ಹೇಳಬಹುದಿತ್ತು. ಓಣಿಯಲ್ಲಿ ನಮ್ಮ ಮೂವರ ಹೊರತು ಯಾರೂ ಇರಲಿಲ್ಲ. ಗ್ಯಾರೇಜು ಮುಚ್ಚಿ ವರ್ಷವಾಗಿತ್ತು, ಹೇಳಿದ್ದರಿಂದ ನನಗೆ ಕಳೆದುಹೋಗುವಂಥದ್ದು ಏನೂ ಉಳಿದಿರಲಿಲ್ಲ. ಬಸ್ಸಿಗೆ ಇನ್ನೂ ಒಂದು ತಾಸು ಇತ್ತು. ನಾನು ಇನ್ನೊಂದು ಲೋಟ ಮಜ್ಜಿಗೆ ಕೇಳಿದೆ.