ನಿಂಬೆ ಗಿಡಕ್ಕೆ ಬೆಲ್ಲದ ನೀರು

ಸಗರ ಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಅವ್ವ ನೆಟ್ಟ ನಿಂಬೆ ಗಿಡವಿತ್ತು. ಕಾಲುವೆ ಬರುವ ಮೊದಲು ಅವಳು ದೂರದ ಬಾವಿಯಿಂದ ತಲೆಯ ಮೇಲೆ ಕೊಡ ಹೊತ್ತು ತರುತ್ತಿದ್ದಳು. ನಾವು ಕುಡಿದು ಉಳಿದದ್ದು ಗಿಡಕ್ಕೆ. ಆಗ ಅದು ಪ್ರತಿ ವರ್ಷ ಕಾಯಿ ಬಿಡುತ್ತಿತ್ತು. ಕಾಲುವೆ ಬಂದು ನಮ್ಮ ಜೋಳದ ಹೊಲ ಭತ್ತದ ಗದ್ದೆಯಾದ ಮೇಲೆ ಅವ್ವ ತಾನೇ ಗುದ್ದಲಿ ಹಿಡಿದು ಗಿಡದ ಬುಡದವರೆಗೆ ಒಂದು ಕಿರುಗಾಲುವೆ ತೋಡಿದಳು. ಗಿಡ ಕೊಬ್ಬಿತು. ಎಲ್ಲಿ ನೋಡಿದರೂ ಎಲೆ. ಹೂವು ಮಾತ್ರ ನಿಂತೇ ಹೋಯಿತು.

ಅಣ್ಣನಿಗೆ ಆ ಜಾಗ ಭತ್ತದ ರಾಶಿ ಮಾಡಲು ಬೇಕಿತ್ತು. "ಈ ಬ್ಯಾಸಗಿ ತನಕ ನೋಡ್ತೀನಿ. ಹೂ ಬಿಡಲಿಲ್ಲಂದ್ರ ಕಡದು ಹಾಕ್ತೀನಿ," ಅಂದ. ಅವ್ವ ಅವನಿಗೆ ರೊಟ್ಟಿ ಬಡಿಸಿ, ತನ್ನ ಪಾಲಿನದನ್ನು ಹಿಡಿದು ಹಿತ್ತಲಿಗೆ ನಡೆದಳು. ಮಧ್ಯಾಹ್ನದ ಊಟಕ್ಕೆ ಅವಳು ದಿನವೂ ಕೂರುತ್ತಿದ್ದದ್ದು ಅದೇ ಗಿಡದ ನೆರಳಲ್ಲಿ.

ನಾನು ಸುರಪುರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪಾಠದ ಚಟ ಮನೆಗೆ ಬಂದರೂ ಬಿಡುವುದಿಲ್ಲ. "ಹೂ ಆಗಬೇಕಂದ್ರ ಮೊಗ್ಗಿಗೆ ಸಕ್ಕರಿ ಮುಟ್ಟಬೇಕವ್ವ," ಎಂದು ಒಂದು ಮಾತು ಒಗೆದು ಬಸ್ಸು ಹತ್ತಿದೆ. ಮುಂದಿನ ರವಿವಾರ ಬಂದು ನೋಡಿದರೆ ಗಿಡದ ಬುಡದಲ್ಲಿ ಇರುವೆಗಳ ಸಂತೆ ನೆರೆದಿತ್ತು. ಅವ್ವ ಚರಿಗೆ ಬಗ್ಗಿಸಿ ಬೆಲ್ಲದ ನೀರು ಹಾಕುತ್ತಿದ್ದಳು.

"ಸಕ್ಕರಿಕಿಂತ ಬೆಲ್ಲ ಚಲೋ ಅಂತ ಬೆಲ್ಲಾನೇ ಹಾಕಾಕತ್ತೇನಿ," ಅಂದಳು.

ನಗು ನುಂಗಿಕೊಂಡು ಅವಳ ಪಕ್ಕ ಕುಳಿತೆ. ಸಕ್ಕರೆಯನ್ನು ಬೇರಿಗೆ ಹಾಕಿ ಪ್ರಯೋಜನವಿಲ್ಲ, ಎಲೆಯೇ ಅದನ್ನು ಬಿಸಿಲಲ್ಲಿ ಮಾಡಿಕೊಳ್ಳುತ್ತದೆ ಎಂದೆ. ಆದರೆ ಜೀವಕೋಶದ ಪೊರೆಯನ್ನು ಸಕ್ಕರೆ ತಾನಾಗಿ ದಾಟಲಾರದು. ಪೊರೆಯಲ್ಲೇ ಕೂತಿರುವ ಕೆಲವು ಪ್ರೋಟೀನುಗಳು ಅದನ್ನು ದಾಟಿಸಿ ಸಣ್ಣ ನಾಳಗಳಿಗೆ ತುಂಬುತ್ತವೆ. ಅತ್ತ ಕುಡಿಯ ಹತ್ತಿರ ಅಂಥವೇ ಪ್ರೋಟೀನುಗಳು ಇಳಿಸಿಕೊಳ್ಳುತ್ತವೆ, ಯಾದಗಿರಿಯ ಗಂಜ್ ಮಾರುಕಟ್ಟೆಯಲ್ಲಿ ಹಮಾಲರು ಚೀಲ ಏರಿಸಿ ಇಳಿಸುವ ಹಾಗೆ. ಮೊಗ್ಗಿಗೆ ಆ ಸಕ್ಕರೆ ಊಟವೂ ಹೌದು, ಇನ್ನು ಹೂವಾಗಬಹುದು ಎಂಬ ಸುದ್ದಿಯೂ ಹೌದು.

"ಮತ್ತ ನಮ್ಮ ಗಿಡದಾಗ ಹಮಾಲರು ಹಡತಾಳ ಮಾಡ್ಯಾರೇನು?"

"ಇಲ್ಲವ್ವ, ದುಡ್ಯಾಕತ್ತಾರ. ನೀರು ಬಾಳ ಆಗಿ ದಿನಾ ಹೊಸ ಚಿಗುರು ಬರ್ತದ, ಸಕ್ಕರಿ ಎಲ್ಲಾ ಅದಕ್ಕೇ ಖರ್ಚು. ಸ್ವಲ್ಪ ದಿನ ನೀರು ಬಂದ್ ಮಾಡು. ಚಿಗುರು ನಿಂತ್ರ ಸಕ್ಕರಿ ಟೊಂಗ್ಯಾಗ ಉಳೀತದ. ಆಮ್ಯಾಲ ನೀರು ಬಿಟ್ರ ಹೂ ಬರಬಹುದು."

ಗಿಡದೊಳಗಿನ ವ್ಯವಹಾರ ಇಷ್ಟು ಸರಳವಲ್ಲ, ಹೂವಿಗೆ ಬೇರೆ ಕಾರಣಗಳೂ ಕೂಡಿಬರಬೇಕು. ಅದು ನನಗೆ ಗೊತ್ತಿತ್ತು. ಆದರೆ ಅಣ್ಣನ ಕೊಡಲಿ ತೀರಾ ಸರಳವಾಗಿತ್ತು.

ಅವ್ವ ಸಿಟ್ಟಿಗೆದ್ದಳು. "ಬಾವಿ ಬತ್ತಿದಾಗೂ ಇದಕ್ಕ ನೀರು ತಪ್ಪಿಸಿಲ್ಲ ನಾ. ಈಗ ಹರಿಯೋ ನೀರು ಬಾಜೂಕ ಇಟ್ಕೊಂಡು ಒಣಗಸು ಅಂತೀಯೇನು?"

"ಆಗ ನಿನ್ನ ಒಂದು ಚರಿಗಿ ನೀರು ಅದರ ಜೀವಕ್ಕ ಸಾಕಾಗ್ತಿತ್ತವ್ವ, ಚಿಗುರಿಗೆ ಸಾಲ್ತಿದ್ದಿಲ್ಲ. ಅದಕ್ಕೇ ಕಾಯಿ ಬಿಡ್ತಿತ್ತು."

ಚರಿಗೆಯಲ್ಲಿ ಉಳಿದಿದ್ದ ಬೆಲ್ಲದ ನೀರನ್ನು ಅವಳು ಅತ್ತ ಚೆಲ್ಲಿದಳು. ಆಮೇಲೆ ಎದ್ದು, ಗುದ್ದಲಿ ತಂದು, ತಾನು ತೋಡಿದ ಕಿರುಗಾಲುವೆಗೆ ತಾನೇ ಮಣ್ಣು ಎಳೆದಳು. ಅಣ್ಣ ಕೈ ಹಚ್ಚಲು ಬಂದರೆ ಗದರಿ ಕಳಿಸಿದಳು. ಭತ್ತದ ಕೊಯ್ಲು ಮುಗಿದಿದ್ದರಿಂದ ಗದ್ದೆಯಿಂದ ಬಸಿದು ಬರುವ ನೀರಿನ ಕಾಟವೂ ಇರಲಿಲ್ಲ.

ಎಲೆಗಳು ಮುದುಡಿದವು. ಅವ್ವ ಊಟವನ್ನು ಪಡಸಾಲೆಗೆ ಬದಲಿಸಿದಳು. ಯಾಕೆಂದು ಕೇಳಿದೆ.

"ಅದರ ಮುಂದ ಕುಂತು ನಾ ಹ್ಯಾಂಗ ನೀರು ಕುಡೀಲಿ?"

ಅವ್ವ ನನ್ನ ಮಾತು ನಂಬಿದ್ದಕ್ಕೆ ಗಿಡ ಸತ್ತರೆ ಯಾವ ಮುಖ ಹೊತ್ತು ಮನೆಗೆ ಬರುವುದೆಂದು ಹೆದರಿದ್ದೆ. ಎಲೆ ಉದುರತೊಡಗಿದಾಗ, "ಇನ್ನ ನೀರು ಬಿಡವ್ವ," ಎಂದೆ. ನನ್ನ ಮಾತು ಮುಗಿಯುವಷ್ಟರಲ್ಲಿ ಅವಳು ಹಿತ್ತಲಲ್ಲಿದ್ದಳು.

ಕೆಲವು ವಾರಗಳ ಮೇಲೆ ಬಂದಾಗ ಬಾಗಿಲಲ್ಲೇ ಘಮ ಬಡಿಯಿತು. ಟೊಂಗೆ ಟೊಂಗೆಗೂ ಬಿಳಿ ಹೂವು. ಕಡಿಯಬೇಕಿದ್ದ ಅಣ್ಣ ಮುಳ್ಳುಬೇಲಿ ಕಟ್ಟುತ್ತಿದ್ದ. "ಆಡು ಬಾಯಿ ಹಾಕ್ತಾವ," ಅಂದ, ನನ್ನ ಮುಖ ನೋಡದೆ.

ಅವ್ವ ಗಂಗಾಳದಲ್ಲಿ ರೊಟ್ಟಿ, ಚರಿಗೆಯಲ್ಲಿ ನೀರು ತಂದು ಗಿಡದ ಕೆಳಗೆ ಕುಳಿತಳು. ಉಂಡು ಅರ್ಧ ಚರಿಗೆ ಕುಡಿದಳು. ಉಳಿದರ್ಧವನ್ನು ಬುಡಕ್ಕೆ ಬಗ್ಗಿಸಿ, ಕಾಂಡ ಸವರಿ ಅಂದಳು: "ಕುಡಿ ನನ್ನವ್ವ."